ಜಿಮಖಾನಾ ಫೀ: ವರದಿಯಲ್ಲಿಲ್ಲದ ಲೆಕ್ಕ

ಜೂನ್-ಜುಲೈ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪದವಿ ಕಾಲೇಜುಗಳ ಕಚೇರಿ ಕಿಟಕಿಯ ಮುಂದೆ ಸಾಲು ಬೆಳೆಯುತ್ತದೆ. ಘಟಪ್ರಭಾ, ಹಿರಣ್ಯಕೇಶಿ ದಂಡೆಯ ಹಳ್ಳಿಗಳಿಂದ ಬಂದ ಹುಡುಗರು, ತಂದೆಯ ಜೊತೆಗೋ ಅಣ್ಣನ ಜೊತೆಗೋ ನಿಂತ ಹುಡುಗಿಯರು. ಕೈಯಲ್ಲಿ ಮಾರ್ಕ್ಸ್ ಕಾರ್ಡು, ಕಿಸೆಯಲ್ಲಿ ಎಣಿಸಿ ತಂದ ರೊಕ್ಕ. ಹಣ ಕಟ್ಟಿದ ಮೇಲೆ ಸಿಗುವ ರಸೀದಿಯಲ್ಲಿ ಹತ್ತು-ಹನ್ನೆರಡು ಸಾಲುಗಳಿರುತ್ತವೆ. ಬೋಧನಾ ಶುಲ್ಕ, ಗ್ರಂಥಾಲಯ, ವಾಚನಾಲಯ, ಗುರುತಿನ ಚೀಟಿ, ಮಿಸಲೇನಿ. ಇವುಗಳ ನಡುವೆ ಎಲ್ಲೋ ಒಂದು ಕಡೆ ಕ್ರೀಡಾ ಶುಲ್ಕ ಎಂದೋ, ಹಳೆಯ ರೂಢಿಯಂತೆ ಜಿಮಖಾನಾ ಫೀ ಎಂದೋ ಒಂದು ಸಾಲು. ನಾವೂ ಒಂದು ಕಾಲದಲ್ಲಿ ಆ ಸಾಲಿನಲ್ಲಿ ನಿಂತವರೇ. 'ಈ ಜಿಮಖಾನಾ ಫೀ ಯಾಕ್ರೀ?' ಎಂದು ಮುಂದಿದ್ದ ಹುಡುಗನೊಬ್ಬ ಕೇಳಿದಾಗ ಕಿಟಕಿಯ ಒಳಗಿನಿಂದ ಬಂದ ಉತ್ತರ ಇಷ್ಟೇ: 'ಅದೆಲ್ಲಾ ಇರತೈತಿ ತಮ್ಮಾ, ಮೊದಲ ರೊಕ್ಕಾ ಕಟ್ಟು.' ಅವನು ಕಟ್ಟಿದ. ನಾವೂ ಕಟ್ಟಿದೆವು. ಮೂರು ವರ್ಷ ಓದಿ ಹೊರಬಂದರೂ ಆ ಪ್ರಶ್ನೆಗೆ ಅದಕ್ಕಿಂತ ಉದ್ದದ ಉತ್ತರ ನಮಗೆ ಸಿಗಲಿಲ್ಲ.

ಜಿಮಖಾನಾ ಎಂಬ ಶಬ್ದದ ಹುಟ್ಟೇ ಸ್ವಾರಸ್ಯದ್ದು. ಹಿಂದುಸ್ತಾನಿಯ ಗೇಂದ್‌ಖಾನಾ, ಅಂದರೆ ಚೆಂಡಿನ ಮನೆ, ಇಂಗ್ಲಿಷರ ಜಿಮ್ನಾಸ್ಟಿಕ್ಸ್ ಜೊತೆ ಬೆರೆತು ಜಿಮಖಾನಾ ಆಯಿತೆಂದು ಹಳೆಯ ನಿಘಂಟುಗಳು ಊಹಿಸುತ್ತವೆ. ಮುಂಬಯಿ ಪ್ರಾಂತದ ಕಾಲೇಜುಗಳಿಂದ ಅದು ನಮ್ಮ ಕಡೆಗೆ ಬಂತು. ಇಲ್ಲಿಯ ಕಾಲೇಜುಗಳಲ್ಲಿ ಆಟೋಟ, ಗ್ಯಾದರಿಂಗ್, ನಾಟಕ, ಚರ್ಚಾಸ್ಪರ್ಧೆ ಎಲ್ಲವೂ ಜಿಮಖಾನಾದ ಹೆಸರಿನಲ್ಲೇ ನಡೆಯುತ್ತಿದ್ದವು. ಆ ಶಬ್ದದ ಜೊತೆಗೇ ಇರಬೇಕಾಗಿದ್ದ ಶಬ್ದಗಳೂ ಕನ್ನಡಕ್ಕೆ ಅರಬ್ಬಿ-ಪಾರಸಿಗಳಿಂದಲೇ ಬಂದವು: ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಹಿಶೇಬು. ಆದರೆ ಜಿಮಖಾನಾದಲ್ಲಿ ವಸೂಲಿ ಮತ್ತು ರಸೀದಿ ಮಾತ್ರ ಉಳಿದುಕೊಂಡು ಹಿಶೇಬು ಹೊರಗೆ ನಿಂತಿತು.

ನಾವು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಸಾಹಿತ್ಯ ಪ್ರಕಾರವನ್ನು ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಅದು ಕಾಲೇಜು ಮಿಸಲೇನಿಯ ಕೊನೆಯ ಪುಟಗಳಲ್ಲಿ, ಕವಿತೆ ಮತ್ತು ನಗೆಹನಿಗಳು ಮುಗಿದ ನಂತರ ಬರುವ 'ಜಿಮಖಾನಾ ವರದಿ' ಅಥವಾ 'ಕ್ರೀಡಾ ವಿಭಾಗದ ವಾರ್ಷಿಕ ವರದಿ'. ಗ್ಯಾದರಿಂಗಿನ ದಿನ ವೇದಿಕೆಯ ಮೇಲೆ ಓದುವುದೂ ಇದನ್ನೇ. ಯಾವ ಊರಿನ ಮಿಸಲೇನಿ ತೆರೆದರೂ ಇದರ ಮೈಕಟ್ಟು ಒಂದೇ. ಈ ವರ್ಷವೂ ನಮ್ಮ ಮಹಾವಿದ್ಯಾಲಯದ ಕ್ರೀಡಾಪಟುಗಳು ಉತ್ತಮ ಸಾಧನೆ ಮಾಡಿದ್ದಾರೆ ಎಂಬ ಮೊದಲ ವಾಕ್ಯ. ನಂತರ ಏಕವಲಯ ಪಂದ್ಯಾವಳಿಗಳಲ್ಲಿ ಭಾಗವಹಿಸಿದ ತಂಡಗಳ ಹೆಸರು. ಯೂನಿವರ್ಸಿಟಿ ಬ್ಲೂ ಆದವರಿದ್ದರೆ ಅವರ ಹೆಸರು ದಪ್ಪ ಅಕ್ಷರಗಳಲ್ಲಿ. ನಂತರ ಆಡಳಿತ ಮಂಡಳಿಯ ಅಧ್ಯಕ್ಷರು, ಕಾರ್ಯದರ್ಶಿಗಳು, ಪ್ರಾಚಾರ್ಯರು ನೀಡಿದ ಸಹಕಾರಕ್ಕೆ ಕೃತಜ್ಞತೆ. ಪಕ್ಕದ ಪುಟದಲ್ಲಿ ಒಂದು ಫೋಟೋ: ಮುಂದಿನ ಸಾಲಿನ ಕುರ್ಚಿಗಳಲ್ಲಿ ಹಿರಿಯರು, ಹಿಂದೆ ನಿಂತ ಆಟಗಾರರು, ಕೆಳಗೆ ನೆಲದ ಮೇಲೆ ಟ್ರೋಫಿ.

ಈ ವರದಿಯಲ್ಲಿ ಸಂಖ್ಯೆಗಳಿಗೆ ಬರವಿಲ್ಲ. ನೂರು ಮೀಟರ್ ಓಟ ಎಷ್ಟು ಸೆಕೆಂಡಿನಲ್ಲಿ ಮುಗಿಯಿತು, ಗುಂಡು ಎಷ್ಟು ಮೀಟರ್ ಹೋಯಿತು, ವಾಲಿಬಾಲ್ ಫೈನಲ್ಲಿನ ಸೆಟ್ಟುಗಳೆಷ್ಟು, ಎಲ್ಲವೂ ಇವೆ. ರೂಪಾಯಿ ಎಂಬ ಶಬ್ದ ಮಾತ್ರ ಇಲ್ಲ. ವಿದ್ಯಾರ್ಥಿಗಳಿಂದ ಒಟ್ಟು ಎಷ್ಟು ಬಂತು, ವಿಶ್ವವಿದ್ಯಾಲಯದ ಪಾಲೆಂದು ಎಷ್ಟು ಹೋಯಿತು, ಚೆಂಡು-ಬಲೆ-ಶಟಲ್‌ಗೆ ಎಷ್ಟು, ಪ್ರಯಾಣ ಮತ್ತು ಊಟಕ್ಕೆ ಎಷ್ಟು, ಗ್ಯಾದರಿಂಗಿನ ಪೆಂಡಾಲಿಗೆ ಎಷ್ಟು, ವರ್ಷದ ಕೊನೆಗೆ ಉಳಿದ ಶಿಲ್ಕು ಎಷ್ಟು? ಯಾರದೋ ಮನೆಯ ಖಾಸಗಿ ಸಂಗತಿಯನ್ನು ಆಡಬಾರದು ಎಂಬಂತೆ ವರದಿ ಇವುಗಳ ಬಗ್ಗೆ ಮೌನವಾಗಿದೆ. ಆದರೆ ಇದು ಯಾರ ಮನೆಯ ಸಂಗತಿಯೂ ಅಲ್ಲ. ಆ ಮಿಸಲೇನಿಯನ್ನು ಕೈಯಲ್ಲಿ ಹಿಡಿದು ಕೂತ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಹಣ ಕೊಟ್ಟವನೇ. ಮಿಸಲೇನಿ ಅಚ್ಚಾದದ್ದೂ ಅವನ ಫೀಯಿಂದಲೇ!

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಇದು ಯಾವುದೇ ನಿರ್ದಿಷ್ಟ ಕಾಲೇಜಿನದಲ್ಲ, ತಿಳಿಯಲಿಕ್ಕೆಂದು ಹಾಕಿದ್ದು. ಒಂದು ಕಾಲೇಜಿನಲ್ಲಿ 800 ವಿದ್ಯಾರ್ಥಿಗಳಿದ್ದು, ಪ್ರತಿಯೊಬ್ಬರಿಂದ ಆಟದ ಹೆಸರಿನಲ್ಲಿ 100 ರೂ. ತೆಗೆದುಕೊಂಡರೆ ವರ್ಷಕ್ಕೆ 80 ಸಾವಿರ ರೂ. ಕಬಡ್ಡಿ, ಖೋಖೋ, ವಾಲಿಬಾಲ್‌ಗಳಿಗೆ ತಲಾ ಹನ್ನೆರಡು ಜನ, ಅಥ್ಲೆಟಿಕ್ಸ್, ಕುಸ್ತಿ, ಬ್ಯಾಡ್ಮಿಂಟನ್, ಚದುರಂಗ ಎಲ್ಲ ಸೇರಿ ಕಾಲೇಜಿನ ಹೆಸರಿನಲ್ಲಿ ಹೊರಗೆ ಹೋಗಿ ಆಡುವವರು ಅರವತ್ತು-ಎಪ್ಪತ್ತು ಮಂದಿ. ಉಳಿದ ಏಳುನೂರಕ್ಕೂ ಹೆಚ್ಚು ಮಂದಿ ಹಣ ಕೊಟ್ಟು ಮೈದಾನದ ಬದಿಯಲ್ಲಿ ನಿಲ್ಲುವವರು. ಇದರಲ್ಲಿ ತಪ್ಪೇನಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟು ಕೆಲವರು ಆಡುವಂತೆ ಮಾಡುವುದು ಒಳ್ಳೆಯ ವ್ಯವಸ್ಥೆಯೇ. ಆದರೆ ಕೊಡುವವರು ಹಲವರು, ಅನುಭವಿಸುವವರು ಕೆಲವರು, ಖರ್ಚು ಮಾಡುವವರು ಇನ್ನೂ ಕೆಲವರು ಎಂದಾದಾಗ ಅವರನ್ನೆಲ್ಲ ಒಂದು ಕಡೆ ಕಟ್ಟುವುದು ಲೆಕ್ಕಪತ್ರ ಮಾತ್ರ. ಅದಿಲ್ಲದಿದ್ದರೆ ಈ ಫೀ ಒಂದು ಸಣ್ಣ ಕಂದಾಯವಾಗಿಬಿಡುತ್ತದೆ.

2020-21ರಲ್ಲಿ ಕೊರೋನಾದಿಂದಾಗಿ ಆಟೋಟಗಳು ಬಹುತೇಕ ನಿಂತಿದ್ದವು. ಆ ಸಾಲಿನಲ್ಲಿ ಕ್ರೀಡಾ ಶುಲ್ಕ ತೆಗೆದುಕೊಂಡ ಕಾಲೇಜುಗಳಿದ್ದರೆ, ಆ ಹಣ ಯಾವ ಖಾತೆಯಲ್ಲಿ ಉಳಿಯಿತು? ಮುಂದಿನ ವರ್ಷದ ತಂಡಗಳಿಗೆ ಸಿಕ್ಕಿತೇ? ಈ ಪ್ರಶ್ನೆ ಕೇಳಿದವರನ್ನೂ ನಾವು ಕಾಣಲಿಲ್ಲ.

ನಮ್ಮದೇ ಒಂದು ನೆನಪು ಹೇಳಬೇಕು. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬರುವ ಮೊದಲು ಈ ಭಾಗದ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ತೊಂಬತ್ತರ ದಶಕದಲ್ಲಿ ನಾವು ಕಬಡ್ಡಿ ತಂಡದ ಜೊತೆ ಧಾರವಾಡಕ್ಕೆ ಹೋಗಿದ್ದೆವು. ಕೆಂಪು ಬಸ್ಸಿನಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಪಯಣ. ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ರಾತ್ರಿ ಒಂದು ಹಾಲಿನಲ್ಲಿ ಜಮಖಾನೆ ಹಾಸಿಕೊಂಡು ಮಲಗಿದೆವು. ಮರುದಿನ ಮೊದಲ ಸುತ್ತಿನಲ್ಲೇ ಸೋತೆವು, ಆ ಮಾತು ಬೇರೆ. ಊರಿಗೆ ಮರಳಿದ ಮೇಲೆ ನಮ್ಮನ್ನು ಕರೆದು ಒಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಹೆಸರಿನ ಮುಂದೆ ಮೊತ್ತದ ಕಾಲಂ ಖಾಲಿ ಇತ್ತು. ನಮಗೆ ಬಸ್ ಚಾರ್ಜು ಮತ್ತು ಒಂದು ಹೊತ್ತಿನ ಊಟದ ಹಣ ಸಿಕ್ಕಿತ್ತು. ಖಾಲಿ ಜಾಗದಲ್ಲಿ ಆಮೇಲೆ ಎಷ್ಟು ಬರೆದರೋ ನಮಗೆ ಗೊತ್ತಿಲ್ಲ. ಪ್ರಾಮಾಣಿಕವಾಗಿ ಅಷ್ಟನ್ನೇ ಬರೆದಿರಲೂಬಹುದು. ನಮ್ಮನ್ನು ಈಗಲೂ ಕಾಡುವುದು ಅವರು ಬರೆದ ಸಂಖ್ಯೆಯಲ್ಲ, ಸಹಿ ಹಾಕುವಾಗ ಹನ್ನೆರಡು ಜನರಲ್ಲಿ ಒಬ್ಬನಿಗೂ ಕೇಳಬೇಕು ಅನ್ನಿಸಲಿಲ್ಲವಲ್ಲ ಎಂಬುದು. ನಮ್ಮ ರೇಡರ್, ಒಳ್ಳೆಯ ಎತ್ತರದ ಹುಡುಗ, ಮರುವರ್ಷ ಆಡಲು ಬರಲಿಲ್ಲ. ಎರಡು ದಿನದ ಕೂಲಿ ತಪ್ಪಿಸಿಕೊಂಡು, ಮೇಲೆ ಕೈಯಿಂದ ಖರ್ಚು ಮಾಡಿಕೊಂಡು ಆಡುವ ಶಕ್ತಿ ಅವನ ಮನೆಗಿರಲಿಲ್ಲ. ಗದ್ದಲವಿಲ್ಲದೆ ತಂಡದಿಂದ ಸರಿದುಹೋದ. ಆ ವರ್ಷದ ವರದಿಯಲ್ಲೂ ಸಾಧನೆ ಉತ್ತಮವಾಗಿತ್ತು.

ಕೇಳುವ ಅಭ್ಯಾಸ ತಪ್ಪಿದ್ದು ಯಾಕೆ ಎಂದು ಯೋಚಿಸಿದರೆ ಒಂದು ಕಾರಣ ಎದ್ದು ಕಾಣುತ್ತದೆ. ಹಿಂದೆ ಜಿಮಖಾನಾಕ್ಕೆ ವಿದ್ಯಾರ್ಥಿಗಳೇ ಆರಿಸಿದ ಕಾರ್ಯದರ್ಶಿ ಇರುತ್ತಿದ್ದ. ಜಿ.ಎಸ್. ಎಂದರೆ ಊರಿನಲ್ಲೂ ಒಂದು ಹೆಸರು. ಅವನು ಪುಂಡನಿರಬಹುದು, ಪುಢಾರಿಗಳ ಶಿಷ್ಯನಿರಬಹುದು. ಆದರೆ ಮುಂದಿನ ವರ್ಷ ಅವನ ಎದುರಾಳಿ 'ಜಿಮಖಾನಾ ರೊಕ್ಕ ಎಲ್ಲಿ ಹೋತು?' ಎಂದು ಕೇಳುತ್ತಿದ್ದ. ಪರಸ್ಪರ ಹೊಟ್ಟೆಕಿಚ್ಚೇ ಒಂದು ಬಗೆಯ ಆಡಿಟ್ ಆಗಿತ್ತು. ಹೊಡೆದಾಟ, ಕೊಲೆಗಳ ಕಾರಣಕ್ಕೆ 1989ರ ಸುಮಾರಿಗೆ ರಾಜ್ಯದಲ್ಲಿ ಕಾಲೇಜು ಚುನಾವಣೆಗಳು ನಿಂತವು. ನಿಲ್ಲಿಸಿದ್ದಕ್ಕೆ ಕಾರಣವಿತ್ತು, ಅಲ್ಲಗಳೆಯುವುದಿಲ್ಲ. ಆದರೆ ಚುನಾವಣೆಯ ಜೊತೆಗೆ ಲೆಕ್ಕ ಕೇಳುವವನೂ ಹೋದ. ಅವನ ಜಾಗಕ್ಕೆ ಬಂದ ನಾಮನಿರ್ದೇಶಿತ ವಿದ್ಯಾರ್ಥಿ ಪ್ರತಿನಿಧಿಗೆ ಅತಿಥಿಗಳಿಗೆ ಹೂಗುಚ್ಛ ಕೊಡುವ ಕೆಲಸ ಉಳಿಯಿತು.

ಇಲ್ಲೊಂದು ವಿಪರ್ಯಾಸವಿದೆ. ವಿದ್ಯಾರ್ಥಿ ಚುನಾವಣೆಗಳ ಬಗ್ಗೆ ಲಿಂಗ್ಡೋ ಸಮಿತಿ ಕೊಟ್ಟ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ಒಬ್ಬ ಅಭ್ಯರ್ಥಿ 5,000 ರೂ.ಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಫಲಿತಾಂಶ ಬಂದ ಎರಡು ವಾರದೊಳಗೆ ಆಡಿಟ್ ಆದ ಲೆಕ್ಕ ಕೊಡಬೇಕು. ಕಾಲೇಜು ಅದನ್ನು ಎರಡು ದಿನದೊಳಗೆ ಎಲ್ಲ ವಿದ್ಯಾರ್ಥಿಗಳೂ ನೋಡುವಂತೆ ಪ್ರಕಟಿಸಬೇಕು. ಹತ್ತೊಂಬತ್ತು ವರ್ಷದ ಹುಡುಗ ಐದು ಸಾವಿರಕ್ಕೆ ಲೆಕ್ಕ ಕೊಡಬೇಕೆಂದು ದೇಶದ ಅತ್ಯುನ್ನತ ನ್ಯಾಯಾಲಯ ಬಯಸಿತು. ಆ ಹುಡುಗನ ಓರಗೆಯವರೆಲ್ಲ ಸೇರಿ ಕಟ್ಟಿದ ಜಿಮಖಾನಾ ಫೀಯ ಲೆಕ್ಕವನ್ನು ಅದೇ ನೋಟೀಸು ಬೋರ್ಡಿನ ಮೇಲೆ ಹಚ್ಚಿ ಎಂದು ಹಿರಿಯರಿಗೆ ಯಾರೂ ಹೇಳಲಿಲ್ಲ.

ನಮ್ಮ ಭಾಗದ ಜನರಿಗೆ ಲೆಕ್ಕ ಓದುವುದು, ಕೇಳುವುದು ಹೊಸದಲ್ಲ ಎಂಬುದೇ ಈ ಮೌನವನ್ನು ಇನ್ನಷ್ಟು ವಿಚಿತ್ರವಾಗಿಸುತ್ತದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಕಾಲದಿಂದ ಉತ್ತರ ಕರ್ನಾಟಕ ಸಹಕಾರದ ನಾಡು. ಹುಕ್ಕೇರಿಯನ್ನೇ ನೋಡಿ. 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ರಾಜ್ಯದಲ್ಲಿ ಆ ಬಗೆಯ ಏಕೈಕ ಸಂಘ, ಇರುವುದು ಅಲ್ಲಿಯೇ. ಅದೇ ತಾಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆ. ಇಂಥ ಸಂಸ್ಥೆಗಳ ವಾರ್ಷಿಕ ಸರ್ವಸಾಧಾರಣ ಸಭೆಗೆ ಹೋಗಿ ಕೂತ ರೈತನ ಕೈಯಲ್ಲಿ ಒಂದು ಪುಸ್ತಿಕೆ ಇರುತ್ತದೆ. ಅದರಲ್ಲಿ ಜಮಾ-ಖರ್ಚು, ಲಾಭ-ಹಾನಿ, ಅಢಾವೆ ಪತ್ರಿಕೆ ಎಲ್ಲ ಅಚ್ಚಾಗಿರುತ್ತದೆ. ಸಹಕಾರ ಕ್ಷೇತ್ರದಲ್ಲಿ ಎಲ್ಲವೂ ಶುದ್ಧವಾಗಿದೆ ಎಂದು ನಾವೇನೂ ಹೇಳುತ್ತಿಲ್ಲ. ಆದರೆ ಅಲ್ಲಿ ಎದ್ದು ನಿಂತು 'ಈ ಸಾದಿಲ್ವಾರು ಖರ್ಚು ಅಂದ್ರ ಏನ್ರೀ?' ಎಂದು ಕೇಳುವ ಸದಸ್ಯನೊಬ್ಬ ಇದ್ದೇ ಇರುತ್ತಾನೆ. ಆ ಸದಸ್ಯನ ಮಗನೇ ಕಾಲೇಜಿನಲ್ಲಿ ಜಿಮಖಾನಾ ಫೀ ಕಟ್ಟಿ ಸುಮ್ಮನಾಗುವವನು.

ಆಟದ ಹಣವನ್ನೇ ತೆಗೆದುಕೊಂಡರೂ ನಮ್ಮ ಹಳ್ಳಿಗಳ ಪದ್ಧತಿ ಕಾಲೇಜಿಗಿಂತ ಮುಂದಿದೆ. ಜಾತ್ರೆ, ಉರುಸುಗಳಲ್ಲಿ 'ಜಂಗೀ ನಿಕಾಲಿ ಕುಸ್ತಿ' ಎಂದು ಗೋಡೆಗೆ ಹಚ್ಚುವ ಹ್ಯಾಂಡ್‌ಬಿಲ್ಲುಗಳನ್ನು ನೆನಪಿಸಿಕೊಳ್ಳಿ. ಯಾವ ಪೈಲವಾನನ ವಿರುದ್ಧ ಯಾರು, ಆ ಜೋಡಿಗೆ ಬಹುಮಾನ ಎಷ್ಟು, ಅದನ್ನು ಕೊಟ್ಟವರು ಯಾರು ಎಂದು ಅಚ್ಚಾಗಿರುತ್ತದೆ. ಕಣದಲ್ಲಿ ಮೈಕಿನಲ್ಲಿ ಮತ್ತೊಮ್ಮೆ ಕೂಗುತ್ತಾರೆ. ಗೆದ್ದವನ ಕೈಗೆ ಎಲ್ಲರೆದುರೇ ಹಣ ಬೀಳುತ್ತದೆ. ಕೊಟ್ಟವರ ಒಣ ಜಂಬ ಅದರಲ್ಲಿ ಇದ್ದೇ ಇದೆ, ಇರಲಿ. ಮಸೀದಿಗಳ ವಿಷಯವೂ ಹಾಗೆಯೇ. ಎಷ್ಟೋ ಊರುಗಳಲ್ಲಿ ಜುಮಾ ನಮಾಜಿನ ನಂತರ ಜಮಾಅತಿನ ಲೆಕ್ಕ ಓದುತ್ತಾರೆ, ಇಲ್ಲವೇ ಚಂದಾ ಎಷ್ಟು, ಪೇಶ್‌ಇಮಾಮರ ಸಂಬಳ ಎಷ್ಟು, ಕರೆಂಟ್ ಬಿಲ್ ಎಷ್ಟು ಎಂದು ಕರಿಹಲಗೆಯ ಮೇಲೆ ಬರೆಯುತ್ತಾರೆ. ಬರೆಯದಿದ್ದಲ್ಲಿ ಜಗಳವಾಗುತ್ತದೆ. ಅದೇ ಜಮಾಅತಿನ ಹಿರಿಯರು ಶಾಲೆ-ಕಾಲೇಜು ನಡೆಸಲು ಕೂತಾಗ ಆ ಕರಿಹಲಗೆ ಅವರ ಜೊತೆ ಬರುವುದಿಲ್ಲ. ನಮ್ಮ ಸಮುದಾಯದ ಶಿಕ್ಷಣ ಸಂಸ್ಥೆಗಳು ಈ ಟೀಕೆಗೆ ಹೊರತಲ್ಲ. ಮಠಗಳು, ಟ್ರಸ್ಟುಗಳು, ಸರಕಾರ ನಡೆಸುವ ಕಾಲೇಜುಗಳೂ ಹೊರತಲ್ಲ.

ಲೆಕ್ಕ ತೆರೆದರೆ ಏನು ಕಂಡೀತು? ಕಳ್ಳತನವೇ ಕಾಣಬೇಕೆಂದಿಲ್ಲ. ಹೆಚ್ಚಾಗಿ ಕಾಣುವುದು ಹಣ ಯಾವ ಕಡೆ ಹರಿಯುತ್ತದೆ ಎಂಬುದು. ಜಿಮಖಾನಾ ಎಂಬ ಚೀಲದಲ್ಲಿ ಆಟವೂ ಇದೆ, ಗ್ಯಾದರಿಂಗೂ ಇದೆ. ಪೆಂಡಾಲು, ಮೈಕು, ಆಮಂತ್ರಣ ಪತ್ರಿಕೆ, ಶಾಲು, ಹಾರ, ಫಲಪುಷ್ಪ, ಫೋಟೋ, ಅತಿಥಿಗಳ ಊಟ. ಇವು ಒಂದೇ ದಿನದಲ್ಲಿ ಮುಗಿಯುವ ಖರ್ಚು, ಆದರೆ ಕಣ್ಣಿಗೆ ಕಾಣುವ ಖರ್ಚು. ಮೈದಾನದ ಕಲ್ಲು ಆರಿಸುವುದು, ಮಳೆಗಾಲದ ನಂತರ ನೆಲ ಸಮ ಮಾಡುವುದು, ಗೆರೆ ಹಾಕುವ ಸುಣ್ಣ, ಹರಿದ ಬಲೆ, ಆಟಗಾರನ ಬೂಟು, ಮಂಡಿಗೆ ಪೆಟ್ಟಾದಾಗ ಹಚ್ಚುವ ಔಷಧಿ, ಇವು ಫೋಟೋದಲ್ಲಿ ಬರುವುದಿಲ್ಲ. ಎರಡೂ ಒಂದೇ ಖಾತೆಯಿಂದ ಹೋಗುವುದಾದರೆ ಮೊದಲನೆಯದು ಎರಡನೆಯದನ್ನು ನುಂಗುತ್ತದೆ ಎಂಬುದಕ್ಕೆ ದೊಡ್ಡ ತನಿಖೆ ಬೇಕಿಲ್ಲ. ಮುಖಂಡರ ಹೆಸರಿನ ಟ್ರೋಫಿ, ದೇಣಿಗೆಯಾಗಿ ಬಂದ ಜರ್ಸಿಗಳ ಕಥೆ ಬೇರೆ. ಅವು ಯಾವ ಪುಸ್ತಕದಲ್ಲಿ ಜಮಾ ಆಗುತ್ತವೆ? ಕೊಟ್ಟವರ ಹೆಸರು ಆಟಗಾರನ ಎದೆಯ ಮೇಲೆ ಇರುತ್ತದೆ, ಮೊತ್ತ ಎಲ್ಲಿಯೂ ಇರುವುದಿಲ್ಲ.

ಹುಡುಗಿಯರ ವಿಷಯಕ್ಕೆ ಬಂದರೆ ಈ ಮೌನದ ಬೆಲೆ ಇನ್ನೂ ಹೆಚ್ಚು. ನಮ್ಮ ತಾಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಮೊದಲಿನಂತಿಲ್ಲ. ಕೆಲವು ತರಗತಿಗಳಲ್ಲಿ ಅವರೇ ಹೆಚ್ಚು. ಜಿಮಖಾನಾ ಫೀಯಲ್ಲಿ ಅವರಿಗೆ ರಿಯಾಯಿತಿ ಏನೂ ಇಲ್ಲ. ಆದರೆ ಸಂಜೆ ನಾಲ್ಕರ ನಂತರ ಮೈದಾನಕ್ಕೆ ಹೋಗಿ ನೋಡಿ. 'ಹೆಣ್ಣುಮಕ್ಕಳು ಆಡೂದಿಲ್ರೀ, ಅದರಾಗ ನಿಮ್ಮ ಹುಡಿಗ್ಯಾರಂತೂ ಬರೂದ ಇಲ್ಲ' ಎಂದು ನಮಗೆ ಹಲವರು ಹೇಳಿದ್ದಾರೆ. ಇರಬಹುದು. ಮನೆಯವರ ಹಿಂಜರಿಕೆಯೂ ನಿಜ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಮೈದಾನದ ಹತ್ತಿರ ಬಟ್ಟೆ ಬದಲಿಸುವ ಕೋಣೆ ಇದೆಯೇ? ಬಾಗಿಲು ಮುಚ್ಚುವ ಶೌಚಾಲಯ ಇದೆಯೇ? ತಂಡ ಬೇರೆ ಊರಿಗೆ ಹೋಗುವಾಗ ಜೊತೆಗೆ ಬರುವ ಮಹಿಳಾ ಸಿಬ್ಬಂದಿಗೆ ಭತ್ಯೆ ಇದೆಯೇ? ಮೈ ಮುಚ್ಚುವ ಟ್ರ್ಯಾಕ್‌ಸೂಟಿಗೆ ಹಣವಿದೆಯೇ? ಫುಟ್ಬಾಲಿನ ಫಿಫಾ 2014ರಲ್ಲಿ, ಬಾಸ್ಕೆಟ್‌ಬಾಲಿನ ಫಿಬಾ 2017ರಲ್ಲಿ ತಲೆವಸ್ತ್ರ ಧರಿಸಿ ಆಡಲು ಅನುಮತಿ ಕೊಟ್ಟಿವೆ. ಆದ್ದರಿಂದ ಉಡುಪಿನ ಮಾತನ್ನು ಮುಂದಿಟ್ಟು ಪಾರಾಗುವುದು ಸುಲಭವಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಯ ಹುಡುಗಿ ಮಲಪ್ರಭಾ ಜಾಧವ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಎಂಬ, ನಮ್ಮಲ್ಲಿ ಹಲವರು ಹೆಸರೇ ಕೇಳಿರದ ಕುಸ್ತಿಯಲ್ಲಿ ಕಂಚು ತಂದಳು. ಹೆಣ್ಣುಮಕ್ಕಳು ಆಡುವುದಿಲ್ಲ ಎಂಬ ತೀರ್ಪು ಕೊಡುವ ಮೊದಲು, ಅವರು ಕಟ್ಟಿದ ಹಣದಲ್ಲಿ ಅವರ ಮೇಲೆ ಖರ್ಚಾದದ್ದೆಷ್ಟು ಎಂದು ಒಮ್ಮೆ ನೋಡಬೇಕಲ್ಲವೇ?

ಅಮೆರಿಕದಲ್ಲಿ ಈ ಒಂದು ಪ್ರಶ್ನೆಯೇ ಕಾನೂನಾಯಿತು. ಶಿಕ್ಷಣದಲ್ಲಿ ಲಿಂಗ ತಾರತಮ್ಯ ಸಲ್ಲದೆಂಬ 'ಟೈಟಲ್ ನೈನ್' ಅಲ್ಲಿ 1972ರಲ್ಲಿ ಬಂತು. ಆದರೆ ಕಾಲೇಜುಗಳು ಹುಡುಗಿಯರ ಆಟಕ್ಕೆ ನಿಜವಾಗಿ ಎಷ್ಟು ಕೊಡುತ್ತಿವೆ ಎಂದು ತಿಳಿಯುವ ದಾರಿಯಿರಲಿಲ್ಲ. 1994ರಲ್ಲಿ ಇನ್ನೊಂದು ಕಾನೂನು ಮಾಡಿದರು. ಸರಕಾರದ ವಿದ್ಯಾರ್ಥಿ ನೆರವು ಪಡೆಯುವ, ಹುಡುಗ-ಹುಡುಗಿಯರಿಬ್ಬರೂ ಓದುವ, ಅಂತರ ಕಾಲೇಜು ತಂಡಗಳಿರುವ ಪ್ರತಿ ಕಾಲೇಜು ವರ್ಷಕ್ಕೊಮ್ಮೆ ಪುರುಷರ ತಂಡಗಳು, ಮಹಿಳೆಯರ ತಂಡಗಳು, ಆಟಗಾರರ ಸಂಖ್ಯೆ, ತರಬೇತುದಾರರ ಸಂಬಳ, ಖರ್ಚು-ಆದಾಯಗಳನ್ನು ಬೇರೆ ಬೇರೆಯಾಗಿ ತೋರಿಸಬೇಕು. ಯಾರು ಕೇಳಿದರೂ ಕೊಡಬೇಕು. ಇದರಿಂದ ಅಲ್ಲಿಯ ಕಾಲೇಜು ಆಟ ಸಾತ್ವಿಕವಾಯಿತು ಎಂದು ಭ್ರಮಿಸಬೇಕಿಲ್ಲ. ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರಕಾರಿ ನೌಕರ ವಿಶ್ವವಿದ್ಯಾಲಯದ ಫುಟ್ಬಾಲ್ ತರಬೇತುದಾರ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಒಂದೊಂದು ದೊಡ್ಡ ವಿಶ್ವವಿದ್ಯಾಲಯ ಮೊದಲ ವರ್ಷ ತನ್ನ ಆಟಗಾರರಿಗೆ ನೇರವಾಗಿ ಸುಮಾರು 2 ಕೋಟಿ ಡಾಲರ್‌ವರೆಗೆ ಹಂಚಬಹುದು. ಅವರ ರೋಗ ಬೇರೆ, ನಮ್ಮ ರೋಗ ಬೇರೆ. ಅಲ್ಲಿ ಹಣ ಉಕ್ಕಿ ಹರಿಯುತ್ತಿದೆ, ಇಲ್ಲಿ ಚೆಂಡಿಗೆ ಗಾಳಿ ಹಾಕುವ ಪಂಪಿಗೂ ಪರದಾಟ. ಆದರೂ ಅಲ್ಲಿಯ ವಿದ್ಯಾರ್ಥಿಯೊಬ್ಬಳು ತನ್ನ ಕಾಲೇಜಿನ ಸಂಖ್ಯೆಗಳನ್ನು ಕೈಯಲ್ಲಿ ಹಿಡಿದು ವಾದಿಸಬಲ್ಲಳು. ಮೂಡಲಗಿಯ ವಿದ್ಯಾರ್ಥಿನಿಯ ಕೈಯಲ್ಲಿ ರಸೀದಿ ಮಾತ್ರ ಇದೆ.

ನಮ್ಮಲ್ಲಿ ಕಾನೂನಿಲ್ಲ ಎಂದು ಕೈಚೆಲ್ಲುವಂತೆಯೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು, ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಬಜೆಟ್ ಮತ್ತು ಹಣ ಹಂಚಿಕೆಯ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಇದರೊಳಗೆ ಬರುವುದರಲ್ಲಿ ಸಂಶಯವಿರಲಿಲ್ಲ. 'ನಮ್ಮದು ಖಾಸಗಿ ಸಂಸ್ಥೆ, ನಮಗೆ ಅನ್ವಯಿಸುವುದಿಲ್ಲ' ಎಂದು ಅನುದಾನಿತ ಕಾಲೇಜುಗಳು ವಾದಿಸುತ್ತಿದ್ದವು. ಡಿ.ಎ.ವಿ. ಕಾಲೇಜು ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಆ ಮಾತಿಗೆ ಉತ್ತರ ಕೊಟ್ಟಿತು. ಸರಕಾರದಿಂದ ಗಣನೀಯವಾಗಿ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಮಾಹಿತಿ ಕೊಡಲೇಬೇಕು. ಅಧ್ಯಾಪಕರ ಸಂಬಳ ಸರಕಾರದ ಖಜಾನೆಯಿಂದ ಬರುವ ಕಾಲೇಜುಗಳು ಈ ತೀರ್ಪನ್ನು ತಪ್ಪಿಸಿಕೊಳ್ಳುವುದು ಕಷ್ಟ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಶಬ್ದ ಮೀರಬಾರದು, ಶುಲ್ಕ 10 ರೂ. 'ಕಳೆದ ಮೂರು ವರ್ಷಗಳ ಕ್ರೀಡಾ ಶುಲ್ಕದ ಜಮಾ-ಖರ್ಚಿನ ಪ್ರತಿ ಕೊಡಿ' ಎನ್ನಲು 150 ಶಬ್ದಗಳೂ ಬೇಕಾಗುವುದಿಲ್ಲ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಆದರೆ ಇಂಟರ್ನಲ್ ಮಾರ್ಕ್ಸ್ ಕೈಯಲ್ಲಿರುವ ಕಾಲೇಜಿಗೆ ಅದರದೇ ವಿದ್ಯಾರ್ಥಿ ಇಂಥ ಅರ್ಜಿ ಹಾಕುವ ಧೈರ್ಯ ಮಾಡಲಾರ, ಅದನ್ನು ನಾವು ಬಲ್ಲೆವು. ಹಾಕಬೇಕಾದವರು ಹಳೆಯ ವಿದ್ಯಾರ್ಥಿಗಳು, ಪಾಲಕರು. ಗ್ಯಾದರಿಂಗಿನಲ್ಲಿ ಮುಂದಿನ ಸಾಲಿಗೆ ಕುರ್ಚಿ ಸಿಗುವ ನಮ್ಮಂಥವರು.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ ಸರಕಾರದ ನೆರವು ಪಡೆಯುವ ಕ್ರೀಡಾ ಸಂಸ್ಥೆಗಳನ್ನು ಆ ನೆರವಿನ ಮಟ್ಟಿಗೆ ಮಾಹಿತಿ ಹಕ್ಕಿನೊಳಗೆ ತಂದಿದೆ. ಅದರ ಕಣ್ಣಿರುವುದು ರಾಷ್ಟ್ರೀಯ ಫೆಡರೇಶನ್ನುಗಳ ಮೇಲೆ. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಬಗ್ಗೆ ಮಹಾಲೇಖಪಾಲರ ವರದಿ ಮರುವರ್ಷ ಬಂದಾಗ ಗೋಕಾಕದ ಚಹಾದಂಗಡಿಗಳಲ್ಲೂ ಜನ ಕೋಟಿಗಳ ಲೆಕ್ಕ ಹಾಕುತ್ತಿದ್ದರು. ದೂರದ ಕೋಟಿಗಳ ಬಗ್ಗೆ ಕೋಪಗೊಳ್ಳುವುದಕ್ಕೆ ಖರ್ಚಿಲ್ಲ. ಎದುರಿಗೇ ನಿಂತ, ದಿನಾ ನಮಸ್ಕಾರ ಮಾಡುವ ಸಂಸ್ಥೆಯನ್ನು ಎಂಬತ್ತು ಸಾವಿರದ ಬಗ್ಗೆ ಕೇಳುವುದಕ್ಕೆ ಖರ್ಚಿದೆ.

ದೈಹಿಕ ಶಿಕ್ಷಣ ನಿರ್ದೇಶಕರು, ವಿದ್ಯಾರ್ಥಿಗಳ ಬಾಯಲ್ಲಿ ಪಿ.ಡಿ. ಸರ್, ಈ ಲೇಖನ ಓದಿ ನೊಂದುಕೊಂಡಾರು. ಅವರ ಕಷ್ಟ ನಮಗೆ ಗೊತ್ತಿದೆ. ಎಷ್ಟೋ ಕಡೆ ಆ ಹುದ್ದೆ ಖಾಲಿ, ಇಲ್ಲವೇ ಕಡಿಮೆ ಸಂಬಳದ ಅತಿಥಿ ಉಪನ್ಯಾಸಕರ ಮೇಲೆ ಹೊರಿಸಿದ್ದು. ಪಂದ್ಯಾವಳಿಯ ನೋಟೀಸು ಸೋಮವಾರ ಬಂದು ಬುಧವಾರ ತಂಡ ಹೊರಡಬೇಕಾದಾಗ, ಕಚೇರಿಯಿಂದ ಮುಂಗಡ ಮಂಜೂರಾಗದೆ, ತಮ್ಮ ಕಿಸೆಯಿಂದ ಟಿಕೆಟ್ ತೆಗೆಸಿ ಹುಡುಗರಿಗೆ ಊಟ ಹಾಕಿಸಿದ ಪಿ.ಡಿ.ಗಳನ್ನು ನಾವು ಕಂಡಿದ್ದೇವೆ. ಹೋಟೆಲಿನವನು ಬಿಲ್ ಕೊಡುವುದಿಲ್ಲ, ಟೆಂಪೋದವನಿಗೆ ರಸೀದಿ ಪುಸ್ತಕವೇ ಇಲ್ಲ. ಕೊನೆಗೆ ಖಾಲಿ ಕಾಗದದ ಮೇಲಿನ ಸಹಿಗಳು ಹುಟ್ಟುವುದು ಹೀಗೆಯೂ ಇರಬಹುದು, ನಿಜವಾಗಿ ಆದ ಖರ್ಚನ್ನು ನಿಯಮಕ್ಕೆ ಹೊಂದಿಸುವ ಪರದಾಟದಿಂದ. ಆದರೆ ಲೆಕ್ಕ ಮುಚ್ಚಿದ್ದರಿಂದ ಅವರಿಗೆ ಲಾಭವೇನಾಯಿತು? ಊರಿನವರ ಸಂಶಯ ಮೊದಲು ಬೀಳುವುದು ಅವರ ಮೇಲೆಯೇ. ಕಿಸೆಯಿಂದ ಕೊಟ್ಟ ಹಣ ಯಾವ ಪುಸ್ತಕದಲ್ಲೂ ಇಲ್ಲ, ತಿಂದ ಎಂಬ ಮಾತು ಮಾತ್ರ ಎಲ್ಲರ ಬಾಯಲ್ಲಿ. ತಂಡಕ್ಕೆ ಬೇಕಾದದ್ದು ಇಷ್ಟು, ಕೊಟ್ಟದ್ದು ಇಷ್ಟು ಎಂದು ಬೋರ್ಡಿನ ಮೇಲೆ ಬಂದರೆ ಪಿ.ಡಿ. ಸರ್ ಆಡಳಿತ ಮಂಡಳಿಯ ಮುಂದೆ ಬೇಡುವವರಾಗದೆ ಕೇಳುವವರಾಗುತ್ತಾರೆ.

'ಆಡಿಟ್ ಆಗತೈತಿ, ಮತ್ತೇನ ಬೇಕ?' ಎನ್ನುವ ಉತ್ತರವೂ ಬರುತ್ತದೆ. ಆಗುತ್ತದೆ, ಒಪ್ಪಿದೆವು. ನ್ಯಾಕ್ ಸಮಿತಿಗೆ ಕಾಲೇಜು ಸಲ್ಲಿಸುವ ಸ್ವಮೌಲ್ಯಮಾಪನ ವರದಿಯಲ್ಲಿ ಆಂತರಿಕ ಮತ್ತು ಬಾಹ್ಯ ಲೆಕ್ಕ ಪರಿಶೋಧನೆಯ ಬಗ್ಗೆ ಪ್ರಶ್ನೆಯಿದೆ, ಕ್ರೀಡಾ ಸೌಲಭ್ಯದ ಬಗ್ಗೆಯೂ ಇದೆ. ಆ ವರದಿ ಇಂಗ್ಲಿಷಿನಲ್ಲಿ, ನೂರಾರು ಪುಟಗಳಲ್ಲಿ, ನ್ಯಾಕ್ ತಂಡದ ಓದಿಗಾಗಿ ಬರೆದದ್ದು. ಲೆಕ್ಕಿಗನ ಮುದ್ರೆ ಬಿದ್ದ ಲೆಕ್ಕ ಮಂಡಳಿಗೆ ಹೋಗುತ್ತದೆ, ಇಲಾಖೆಗೆ ಹೋಗುತ್ತದೆ. ಕೊಟ್ಟವನ ಕಡೆಗೆ ಬರುವುದಿಲ್ಲ. ಬಿಲ್ಲು ಮತ್ತು ಮೊತ್ತ ತಾಳೆಯಾಗುತ್ತವೆಯೇ ಎಂದು ನೋಡುವುದು ಆಡಿಟರನ ಕೆಲಸ. ಪೆಂಡಾಲಿನ ಬಿಲ್ಲು ಸರಿಯಾಗಿದ್ದರೆ ಅವನಿಗೆ ಸರಿ. ಪೆಂಡಾಲಿಗೆ ಅಷ್ಟು, ಖೋಖೋ ಹುಡುಗಿಯರಿಗೆ ಇಷ್ಟೇ ಯಾಕೆ ಎಂದು ಅವನು ಕೇಳುವುದಿಲ್ಲ, ಕೇಳಬೇಕಾದವನೂ ಅವನಲ್ಲ.

ನಾವು ಕೇಳುತ್ತಿರುವುದು ಮಿಸಲೇನಿಯ ಒಂದು ಪುಟ. ಎಡಬದಿಗೆ ಜಮಾ: ವಿದ್ಯಾರ್ಥಿಗಳ ಸಂಖ್ಯೆ, ತಲಾ ಫೀ, ಕಳೆದ ವರ್ಷದ ಶಿಲ್ಕು, ಸರಕಾರ ಅಥವಾ ವಿಶ್ವವಿದ್ಯಾಲಯದಿಂದ ಬಂದದ್ದು, ದೇಣಿಗೆ ಮತ್ತು ಕೊಟ್ಟವರ ಹೆಸರು. ಬಲಬದಿಗೆ ಖರ್ಚು: ವಿಶ್ವವಿದ್ಯಾಲಯದ ಪಾಲು, ಸಾಮಾನು, ಮೈದಾನ, ಪ್ರಯಾಣ ಮತ್ತು ಊಟ ತಂಡವಾರು, ಹುಡುಗರದು ಬೇರೆ ಹುಡುಗಿಯರದು ಬೇರೆ, ಗ್ಯಾದರಿಂಗಿನದು ಇವೆಲ್ಲದರಿಂದ ಪ್ರತ್ಯೇಕ. ಕೆಳಗೆ ಪ್ರಾಚಾರ್ಯರು, ಪಿ.ಡಿ., ಇಬ್ಬರು ವಿದ್ಯಾರ್ಥಿ ಆಟಗಾರರ ಸಹಿ, ಅದರಲ್ಲಿ ಒಬ್ಬಳು ಹುಡುಗಿ. ಮೊತ್ತದ ಕಾಲಂ ತುಂಬಿದ ಮೇಲೆಯೇ ಹಾಕಿದ ಸಹಿ. ಗುಂಪು ಫೋಟೋಗಳಲ್ಲಿ ಒಂದನ್ನು ಕೈಬಿಟ್ಟರೆ ಈ ಪುಟಕ್ಕೆ ಜಾಗ ಸಿಗುತ್ತದೆ.